ಅಲ್ಲಿಂದ ಏನು ಕಾಣತೈತಿ?

ಈಗ ಮನೆಯಲ್ಲಿ ಫೋನ್ ಹೊಡೆದುಕೊಂಡರೆ ನಾನು ಮೊದಲು ಬಸಿಯಲ್ಲಿರುವ ಚಹಾ ಮುಗಿಸುತ್ತೇನೆ. ಆಮೇಲೆ ಎತ್ತುತ್ತೇನೆ. ಬೀಗರಿರಲಿ, ಬ್ಯಾಂಕಿನವರಿರಲಿ, ಚಹಾ ಆರುವ ತನಕ ಕಾಯಲಾಗದಷ್ಟು ಅವಸರದವರು ಯಾರೂ ಈಗ ನನಗೆ ಫೋನ್ ಮಾಡುವುದಿಲ್ಲ. ನಿವೃತ್ತಿಯಾದ ಹೊಸತರಲ್ಲಿ ಹೀಗಿರಲಿಲ್ಲ. ಗಂಟೆ ಬಾರಿಸಿದ ಕೂಡಲೇ ಕೈ ಗೋಡೆಯ ಮೊಳೆಯ ಕಡೆ ಹೋಗುತ್ತಿತ್ತು, ಗಾಡಿಯ ಕೀಲಿ ಹುಡುಕಿಕೊಂಡು. "ಕೀಲಿ ಕೊಟ್ಟು ಬಂದೀರಿ ಜೀ, ಕುಂದರ್ರಿ ಸುಮ್ನ" ಎಂದು ಹೆಂಡತಿ ಶಾಹಿದಾ ನಗುತ್ತಿದ್ದಳು. ಆ ಮೊಳೆಗೆ ಅವಳು ಈಗ ಸಂತೆಯ ಕೈಚೀಲ ಹಾಕಿದ್ದಾಳೆ.

ನನ್ನ ಹೆಸರು ರಾಜಾಸಾಬ. ಹುಟ್ಟಿದ್ದು ಮಸ್ಕಿಯಲ್ಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಸರ್ಕಾರಿ ಆಂಬುಲೆನ್ಸ್ ಓಡಿಸಿ ಜೀವನ ಕಳೆದೆ. ಚಾಲಕನಾಗಿ ಹತ್ತಿದೆ, ಚಾಲಕನಾಗಿಯೇ ಇಳಿದೆ. ಆದ್ದರಿಂದ ಬಡ್ತಿಯ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಇದನ್ನು ಬರೆಯಲು ಕಾರಣ, ನಮ್ಮ ಕಡೆಗೆ ಹೊಸದಾಗಿ ಬಂದ ಒಬ್ಬ ಚಾಲಕ. ತುಮಕೂರು ಸೀಮೆಯವನು. ಒಂದು ಭಾನುವಾರ ಮನೆಗೆ ಬಂದು, "ಸಾರ್, ನಿಮ್ಮ ಕಡೆ ನೋಡೋವಂಥ ಜಾಗ ಯಾವ್ಯಾವು ಇದಾವೆ?" ಎಂದು ಕೇಳಿದ. ಊರು ನೋಡಲು ಬಂದವನಾಗಿದ್ದರೆ ನನ್ನ ಉತ್ತರ ಬೇಗ ಮುಗಿಯುತ್ತಿತ್ತು. ಮಸ್ಕಿಯ ಗುಡ್ಡಕ್ಕೆ ಹೋಗು, ಬಂಡೆಯ ಮೇಲೆ ಅಶೋಕನ ಹೆಸರನ್ನೇ ಬಿಡಿಸಿ ಹೇಳುವ ಶಾಸನವಿದೆ. ಮೇಲೆ ಹತ್ತಿ ಮಲ್ಲಯ್ಯನಿಗೆ ಕೈಮುಗಿ. ಲಿಂಗಸುಗೂರಿನ ಆಚೆ ಮುದಗಲ್ಲಿನ ಕೋಟೆ ನೋಡು, ಅದರ ಕಂದಕದ ನೀರು ನೋಡು, ಮೊಹರಮ್ಮಿನಲ್ಲಿ ಬಂದರೆ ಊರಿಗೆ ಊರೇ ಹೇಗೆ ತುಂಬುತ್ತದೆ ನೋಡು. ಸಿಂಧನೂರಿನ ಕಡೆ ಕಾಲುವೆಯ ಏರಿಯ ಮೇಲೆ ನಿಂತು ಗೊರೇಬಾಳದ ಭತ್ತದ ಗದ್ದೆಗಳನ್ನು ನೋಡು. ಇಷ್ಟು ಹೇಳಿ ಕಳಿಸಬಹುದಿತ್ತು.

ಆದರೆ ಅವನು ಆಂಬುಲೆನ್ಸ್ ಓಡಿಸುವವನು. ಅವನಿಗೆ ಬೇಕಾದ ಜಾಗಗಳು ಬೇರೆ. ನೋವಿನಲ್ಲಿರುವ ಮನುಷ್ಯ ಸರ್ವೆ ನಂಬರು ಹೇಳುವುದಿಲ್ಲ. "ಕುಂಟ ಹುಣಸಿ ಗಿಡದ ಹತ್ರ", "ಸೊಸಿ ಬಾವಿ ದಾಟಿ", "ಸುಣ್ಣದ ಗೋರಿ ಎಡಕ್ಕ ಬಿಟ್ಟು" ಎನ್ನುತ್ತಾನೆ. ಆ ಹುಣಸೆ ಮರ ಹತ್ತು ಮಳೆಗಾಲದ ಹಿಂದೆ ಬಿದ್ದಿರಬಹುದು, ಹೆಸರು ಮಾತ್ರ ಅಲ್ಲೇ ನಿಂತಿರುತ್ತದೆ. ಅದನ್ನು ಬಲ್ಲವನು ಬೇಗ ಮುಟ್ಟುತ್ತಾನೆ, ಅಷ್ಟೇ.

ನನಗೆ ಕೆಲಸ ಕಲಿಸಿದ್ದು ಹಿರಿಯ ಚಾಲಕ ಈರಣ್ಣ. ಬಾಯಿ ತುಂಬ ಎಲೆ ಅಡಿಕೆ, ಮಾತು ಕಡಿಮೆ, ಬೈಗುಳ ಹೆಚ್ಚು. ರೋಗಿಯನ್ನು ಆಸ್ಪತ್ರೆಗೆ ಇಳಿಸಿ ಬರುವಾಗ ಖಾಲಿ ಗಾಡಿಯನ್ನು ನೇರ ದಾರಿಯಲ್ಲಿ ತರುತ್ತಿರಲಿಲ್ಲ. ಯಾವುದೋ ಹಳ್ಳಿಯ ಒಳಗೆ ಹಾಯಿಸಿ, ಕಟ್ಟೆಯ ಮೇಲೆ ಕುಳಿತವರನ್ನು ಮಾತನಾಡಿಸಿ, ಅಲ್ಲೇ ಚಹಾ ಕುಡಿದು ಬರುತ್ತಿದ್ದ. ಒಮ್ಮೆ ನಾನು, "ಈರಣ್ಣ, ಡೀಸೆಲ್ ಸುಮ್ನ ಸುಡಾಕತ್ತೀವಿ" ಎಂದೆ.

"ಲೇ, ಸೈರನ್ ಹಾಕ್ಕೊಂಡು ಹೊಂಟಾಗ ದಾರಿ ಕಲಿಯಾಕ ಆಗತೈತೇನು?" ಎಂದು ಗದರಿದ. "ಸೈರನ್ ಇಲ್ಲದಾಗ ಕಲಿ. ಇವರ ಮಾರಿ ನೋಡಿಟ್ಕೋ. ನಾಳೆ ಫೋನ್ ಮಾಡವ್ರು ಇವರ."

ಅವನು ಇರುವ ತನಕ ನನಗೆ ಆ ಮಾತಿನ ಬೆಲೆ ತಿಳಿಯಲಿಲ್ಲ. ದಾರಿ ಅವನಿಗೆ ಗೊತ್ತಿರುತ್ತಿತ್ತಲ್ಲ. ಅವನು ನಿವೃತ್ತನಾದ ಮೇಲೆ ನಾನೊಬ್ಬನೇ ಗಾಡಿ ಹತ್ತಿದ ದಿನಗಳಲ್ಲಿ ಒಂದು ಕರೆ ಬಂತು. ಕುದುರೆ ಗೋರಿಯ ಹತ್ತಿರ ಹುಲ್ಲಿನ ಟ್ರ್ಯಾಕ್ಟರಿನ ಮೇಲಿಂದ ಒಬ್ಬ ರೈತ ಬಿದ್ದು ಕಾಲು ಮುರಿದುಕೊಂಡಿದ್ದ. ನನಗೆ ಗೊತ್ತಿದ್ದ ಕುದುರೆ ಗೋರಿ ಒಂದೇ, ಮುದಗಲ್ಲಿನ ಕಡೆಯದು. ಯಾವುದೋ ಕಾಲದಲ್ಲಿ ಕೋಟೆಯ ಸರದಾರನೊಬ್ಬನ ಕುದುರೆ ಒಡೆಯನನ್ನು ಹೊತ್ತು ಕಂದಕ ಹಾರಿ, ಇಲ್ಲಿಯ ತನಕ ಓಡಿ ಬಂದು ಎದೆಯೊಡೆದು ಬಿತ್ತು, ಸರದಾರ ಅದಕ್ಕೆ ಮನುಷ್ಯರಿಗೆ ಕಟ್ಟಿಸುವಂತೆ ಗೋರಿ ಕಟ್ಟಿಸಿದ ಎನ್ನುವ ಕಥೆ. ಗಾಡಿಯನ್ನು ಬಿಟ್ಟ ಬಾಣದಂತೆ ಓಡಿಸಿದೆ. ಮುಟ್ಟಿ ನೋಡಿದರೆ ಟ್ರ್ಯಾಕ್ಟರೂ ಇಲ್ಲ, ಹುಲ್ಲೂ ಇಲ್ಲ. ಗೋರಿಯ ನೆರಳಲ್ಲಿ ಒಬ್ಬ ಮುದುಕ ಬೇವಿನ ಕಡ್ಡಿ ಜಗಿಯುತ್ತ ಕುಳಿತಿದ್ದ.

"ಅಜ್ಜಾ, ಇಲ್ಲಿ ಯಾರ್ ಬಿದ್ದಾರ?"

"ಯಾರೂ ಬಿದ್ದಿಲ್ಲಪ. ನೀ ಹಿಂಗ ಓಡಿಸಿದ್ರ ನೀನಾ ಬೀಳ್ತಿ."

ಇನ್ನೊಂದು ಕುದುರೆ ಗೋರಿ ಸಿಂಧನೂರಿನ ದಾರಿಯಲ್ಲಿತ್ತು. ಕುದುರೆಯೂ ಬೇರೆ, ಸರದಾರನೂ ಬೇರೆ. ನಾನು ತಿರುಗಿ ಬರುವಷ್ಟರಲ್ಲಿ ಗಾಯಾಳುವನ್ನು ಅವನ ಅಳಿಯಂದಿರು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದರು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನು ನನ್ನನ್ನು ನೋಡಿ, "ಬಂದೆಪಾ? ಕುಂದರು, ದಣದಿ" ಎಂದ. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಕಾಲಿನ ಬದಲು ತಲೆಗೆ ಪೆಟ್ಟಾಗಿದ್ದರೆ ಈ ನಗು ಇರುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು, ನಮ್ಮ ದೊಡ್ಡ ಡಾಕ್ಟರಿಗೂ ಗೊತ್ತಿತ್ತು.

ಅವರು ಧಾರವಾಡದ ಕಡೆಯವರು. ಕೋಣೆಗೆ ಕರೆಸಿದರು. ಬೈಯುತ್ತಾರೆ ಎಂದುಕೊಂಡು ಹೋದರೆ, "ಫೋನಿನಾಗ ನೀ ಏನ್ ಕೇಳಿದಿ?" ಎಂದರು.

"ಎಲ್ಲಿ ಅಂತ ಕೇಳಿದೆರಿ."

"ಅದಕ್ಕ ಅವ ಹೆಸರು ಹೇಳಿದ. ಇನ್ನ ಮ್ಯಾಲೆ ಇನ್ನೊಂದು ಮಾತು ಕೇಳು. ಅಲ್ಲಿಂದ ಏನು ಕಾಣತೈತಿ ಅಂತ ಕೇಳು."

ನನ್ನ ಕೆಲಸದ ಜೀವನದಲ್ಲಿ ಮೇಲಿನವರೊಬ್ಬರು ಹೇಳಿಕೊಟ್ಟ ಅತ್ಯಂತ ಉಪಯೋಗದ ಮಾತು ಅದು. ಅಂದಿನಿಂದ ಅದನ್ನು ಕೇಳದೆ ನಾನು ಗಾಡಿ ತಿರುಗಿಸಿದವನಲ್ಲ.

ಈರಣ್ಣನ ಪಾಠವೂ ಆಗ ನೆನಪಾಯಿತು. ರಜೆಯ ದಿನ ಶಾಹಿದಾಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿ ಹಳ್ಳಿ ಸುತ್ತಲು ಶುರು ಮಾಡಿದೆ. "ಮಂದಿ ಗಂಡಂದಿರು ಸಿನಿಮಾಕ್ಕ ಕರಕೊಂಡು ಹೊಕ್ಕಾರ, ನೀವು ಹಾಳು ಬಾವಿ ತೋರಿಸಾಕತ್ತೀರಿ" ಎಂದು ಮೊದಮೊದಲು ಗೊಣಗಿದಳು. ಆಮೇಲೆ ಅವಳಿಗೇ ರುಚಿ ಹತ್ತಿತು. ನಾನು ಗಂಡಸರ ನಡುವೆ ಕುಳಿತರೆ ಯಾವ ಹೊಲ ಯಾರದು, ಯಾವ ರಸ್ತೆ ಮಳೆಗೆ ಕೆಡುತ್ತದೆ ಎಂಬುದು ತಿಳಿಯುತ್ತಿತ್ತು. ಅವಳು ಹೆಂಗಸರ ನಡುವೆ ಕುಳಿತರೆ ಆ ಬಾವಿಗೆ ಆ ಹೆಸರು ಯಾಕೆ ಬಂತು ಎಂಬುದು ತಿಳಿಯುತ್ತಿತ್ತು. ಅತ್ತೆ ನೀರು ಸೇದಲು ಬಂದರೆ ನೀರು ಕೆಳಗಿಳಿಯುತ್ತಿದ್ದ, ಸೊಸೆ ಬಂದರೆ ದಂಡೆಯ ತನಕ ಏರುತ್ತಿದ್ದ ಬಾವಿಯ ಕಥೆಯನ್ನು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ್ದಳು. ಆ ಕಥೆಯಿಂದಲೇ ಸೊಸಿ ಬಾವಿ ನನಗೆ ಮರೆಯಲಿಲ್ಲ.

ಕಾಲುವೆ ಸೀಮೆಯ ಕಥೆ ಬೇರೆ. ಅಲ್ಲಿಯ ಕ್ಯಾಂಪುಗಳಲ್ಲಿ ಹಳೆಯ ಗೋರಿ, ಬಾವಿ, ಗುಂಡುಕಲ್ಲು ಏನೂ ಇಲ್ಲ. ಭತ್ತ ಬೆಳೆಯಲು ಆಂಧ್ರದಿಂದ ಬಂದವರು ಕಟ್ಟಿದ ಊರುಗಳು. ಎತ್ತ ನೋಡಿದರೂ ಒಂದೇ ಹಸಿರು, ಒಂದೇ ಏರಿ, ಒಂದೇ ಥರದ ತೂಬು. ಒಂದು ಮಧ್ಯಾಹ್ನ ಗೊರೇಬಾಳದ ಆಚೆಯ ಗದ್ದೆಯೊಂದರಲ್ಲಿ ನಾಟಿ ಮಾಡುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತ್ತು. ಫೋನಿನಲ್ಲಿ ಒಬ್ಬ ತೆಲುಗು ಅಜ್ಜಿ.

"ಅಮ್ಮಾ, ಅಲ್ಲಿಂದ ಏನು ಕಾಣತೈತಿ?" ಎಂದೆ.

"ಏನ್ ಕಾಣ್ತದಯ್ಯಾ, ನೀಳ್ಳು, ವರಿ, ಅಷ್ಟೇ!" ನೀರು, ಭತ್ತ. ಅಜ್ಜಿಗೆ ಅಳು ಬಂದಿತ್ತು.

"ಏರಿ ಮ್ಯಾಲೆ ಏನರ ಎತ್ತರಕ್ಕ ಕಟ್ರಿ, ದೂರದಿಂದ ಕಾಣಂಗ."

ಕಾಲುವೆಯ ಏರಿ ಹಿಡಿದು ಹೊರಟವನಿಗೆ ದೂರದಲ್ಲಿ ಕಂಡಿತು, ಬಿದಿರಿನ ತುದಿಗೆ ಕಟ್ಟಿದ ಕೆಂಪು ಸೀರೆ. ಅಜ್ಜಿ ತನ್ನ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಯನ್ನೇ ಕಟ್ಟಿಸಿದ್ದಳು. ಆ ಹೆಂಗಸು ಬದುಕಿದಳು. ಗುರುತು ಇಲ್ಲದ ಕಡೆ ಗುರುತು ಮಾಡಿಸಬೇಕು ಎಂಬುದನ್ನು ಅವತ್ತು ಕಲಿತೆ.

ಆಮೇಲೆ ಫೋನಿನಲ್ಲಿ ನಕ್ಷೆ ಬಂತು. ಹಳಬರು ಅದನ್ನು ಬೈಯುತ್ತಾರೆ, ನಾನು ಬೈಯುವುದಿಲ್ಲ. ಒಮ್ಮೆ ಅದು ನನ್ನನ್ನು ಸೇತುವೆಯೇ ಇಲ್ಲದ ಕಡೆ ಕಾಲುವೆಯ ದಂಡೆಗೆ ತಂದು ನಿಲ್ಲಿಸಿತು ನಿಜ. ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಎದೆ ಹಿಡಿದುಕೊಂಡ ರೋಗಿ. ನಮ್ಮ ನರ್ಸ್ ಶಿವಗಂಗಮ್ಮ ದಂಡೆಯ ಮೇಲೆ ನಿಂತು, "ನಡಸಬ್ಯಾಡ್ರಿ ಅವರ್ನ! ಒರಗಿಸಿ ಕುಂದರಸ್ರಿ! ಟ್ರ್ಯಾಕ್ಟರ್ ತರಸ್ರಿ!" ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಕೊನೆಗೆ ಟ್ರ್ಯಾಕ್ಟರಿನ ಮೇಲೆ ಅವರನ್ನು ಸೇತುವೆಯ ತನಕ ತರಿಸಿಕೊಂಡೆವು. ಆದರೆ ಅದೇ ನಕ್ಷೆ ಒಬ್ಬ ಲಾರಿ ಚಾಲಕನನ್ನು ಉಳಿಸಿತು. ರಾಜಸ್ಥಾನದವನು, ಇಲ್ಲಿಯ ಒಂದು ಊರಿನ ಹೆಸರೂ ಗೊತ್ತಿಲ್ಲದವನು, ಮಗುಚಿದ ಲಾರಿಯೊಳಗಿಂದ ತಾನಿದ್ದ ಜಾಗದ ಒಂದು ಚುಕ್ಕಿ ಕಳಿಸಿದ. ಆ ಚುಕ್ಕಿಯ ಮೇಲೆಯೇ ಹೋಗಿ ಅವನನ್ನು ತೆಗೆದೆವು. ಚುಕ್ಕಿ ಬಂದರೆ ಚುಕ್ಕಿ ಹಿಡಿದು ಹೋಗಿ. ಬಾರದಿದ್ದರೆ ಕೇಳಿ.

ನಮ್ಮ ಕೆಲಸದಲ್ಲಿ ಒಂದು ಕೊರತೆ ಉಂಟು, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ರೋಗಿಯನ್ನು ಬಾಗಿಲ ತನಕ ತಂದು ಒಪ್ಪಿಸುತ್ತೇವೆ. ಬಾಗಿಲು ಮುಚ್ಚುತ್ತದೆ. ಅಷ್ಟರಲ್ಲಿ ಇನ್ನೊಂದು ಕರೆ. ಆ ಮನುಷ್ಯ ಮುಂದೆ ಏನಾದ, ಮನೆಗೆ ಹೋದನೋ, ನಡೆದಾಡಿದನೋ, ನಮಗೆ ತಿಳಿಯುವುದು ಅಪರೂಪ. ಕೆಲವರು ಮನಸ್ಸಿನಲ್ಲಿ ಉಳಿದುಬಿಡುತ್ತಾರೆ. ನನಗೆ ಹಾಗೆ ಉಳಿದದ್ದು ಬೀರಪ್ಪನ ಹಟ್ಟಿಯ ಕರೆ.

ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು. ಹಿಂದಿನ ದಿನ ಚೆನ್ನಾಗಿ ಮಳೆಯಾಗಿತ್ತು. ಬಿಸಿಲೇರುವ ಹೊತ್ತಿಗೆ ಕರೆ ಬಂತು. ಕುರುಬರ ಬೀರಪ್ಪ ಎನ್ನುವ ವಯಸ್ಸಾದವನು, ಕುರಿ ಮೇಯಿಸಿಕೊಂಡು ಊರಿಂದ ಊರಿಗೆ ಸಾಗುವವನು.

"ಸಾಹೇಬ್ರ, ನಮ್ಮ ಸೊಸಿಗೆ ಬ್ಯಾನಿ ಸುರು ಆಗ್ಯಾವ್ರಿ. ಕೂಸು ಅಡ್ಡ ಐತೋ ಏನೋ, ನಮ್ಮಾಕಿ ಅಂಜ್ಯಾಳ್ರಿ. ಲಗು ಬರ್ರಿ."

"ಎಲ್ಲಿ ಅದೀರಿ?"

"ಮದುಮಗಳ ಗುಂಡಿನ ಹತ್ರ ಹಟ್ಟಿ ಹಾಕೀವ್ರಿ."

ಮದುಮಗಳ ಗುಂಡು ಎನ್ನುವ ಬಂಡೆಗಳು ನಮ್ಮ ಕಡೆ ಎರಡಿವೆ. ಒಂದು ಮುದಗಲ್ಲಿನ ದಾರಿಗೆ, ಇನ್ನೊಂದು ಮಸ್ಕಿಯ ಗುಡ್ಡಸಾಲಿನ ಹಿಂದೆ, ಹಳ್ಳದ ಹತ್ತಿರ. ಒಂದರಿಂದ ಇನ್ನೊಂದಕ್ಕೆ ಹೋಗುವುದೆಂದರೆ ಅರ್ಧ ತಾಲೂಕು ದಾಟಿದಂತೆ.

"ಅಲ್ಲಿಂದ ಏನು ಕಾಣತೈತಿ ಬೀರಪ್ಪ?"

"ಗುಂಡು ಕಾಣತೈತ್ರಿ. ನಮ್ಮ ಕುರಿ ಕಾಣತಾವ."

"ಊರು ಯಾವುದಾರ ಕಾಣತೈತೇನು?"

"ಇಲ್ರಿ, ನಾವ್ ನಿನ್ನಿ ಬಂದೀವಿ..." ಅವನ ಫೋನಿನಿಂದ ಚಾರ್ಜು ಮುಗಿಯುತ್ತಿರುವ ಸದ್ದು ಬರತೊಡಗಿತು.

"ಮದುಮಗಳು ಹ್ಯಾಂಗ ಕುಂತಾಳ? ತಲಿ ಬಗ್ಗಿಸ್ಯಾಳೇನು?"

"ಇಲ್ಲಲ್ರಿ, ಬೆನ್ನು ತಿರುವಿ ಕುಂತಾಳ. ಸಿಟ್ಟಿಗೆದ್ದಾಕಿ—" ಅಷ್ಟಕ್ಕೆ ಫೋನ್ ಸತ್ತಿತು.

ಸಾಕಾಗಿತ್ತು. ಈ ಎರಡು ಬಂಡೆಗಳ ಕಥೆ ತಂದದ್ದು ಶಾಹಿದಾ. ಮುದಗಲ್ಲಿನ ಕಡೆಯ ಮದುಮಗಳು ಬಾಯಾರಿದ ಸಾಧುವಿಗೆ ನೀರು ಕೊಡದ ದಿಬ್ಬಣದವಳು; ಶಾಪಕ್ಕೆ ಸಿಕ್ಕು, ನಾಚಿಕೆಯಿಂದ ತಲೆ ತಗ್ಗಿಸಿಯೇ ಕಲ್ಲಾದಳು. ಮಸ್ಕಿಯ ಕಡೆಯವಳು ಬೇರೆ. ಹಳ್ಳ ದಾಟುವಾಗ ಗಂಡಿನ ಕಡೆಯವರು ಅವಳ ತಂದೆಗೆ ಏನೋ ಹೀನಾಯ ಮಾತು ಆಡಿದರಂತೆ. ಅವಳು ಬಂಡಿ ಇಳಿದು, ಬೆನ್ನು ತಿರುವಿ ಕುಳಿತಳಂತೆ. ಎಷ್ಟು ಕರೆದರೂ ಏಳಲಿಲ್ಲ, ತಿರುಗಲಿಲ್ಲ. ಹಾಗೇ ಕಲ್ಲಾದಳು. "ಛಲೋ ಮಾಡಿದ್ಲು" ಎಂದಿದ್ದಳು ಶಾಹಿದಾ.

ಮಸ್ಕಿಯ ಗುಡ್ಡದ ಹಿಂದಕ್ಕೆ ಗಾಡಿ ತಿರುಗಿಸಿದೆ. ಶಿವಗಂಗಮ್ಮ ಪಕ್ಕದಲ್ಲಿದ್ದಳು. "ಖಾತ್ರಿ ಏನ್ರಿ ಭಾಯಿ?" ಎಂದಳು. ಖಾತ್ರಿ ಎಂದೆ. ಬಾಯಲ್ಲಿ ಹೇಳಿದಷ್ಟು ಧೈರ್ಯ ಎದೆಯಲ್ಲಿರಲಿಲ್ಲ. ಕಥೆಯನ್ನು ನಂಬಿಕೊಂಡು ಒಂದು ಜೀವದ ದಾರಿ ಆರಿಸಿದ್ದೆ.

ಡಾಂಬರು ಬಿಟ್ಟು ಕೆಳಗಿಳಿದ ಮೇಲೆ ಎರೆ ಹೊಲ. ಮಳೆಗೆ ನೆನೆದ ಕಪ್ಪು ಮಣ್ಣು ಚಕ್ರವನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಗುಂಡು ದೂರದಲ್ಲಿ ಕಾಣುತ್ತಿತ್ತು, ಅದರ ಬುಡದಲ್ಲಿ ಕುರಿಗಳು. ಕುರಿ ಕಂಡ ಕೂಡಲೇ ನಾನು ಜೋರಾಗಿ ಉಸಿರು ಬಿಟ್ಟೆ. ಸ್ಟ್ರೆಚರ್ ಹೊತ್ತುಕೊಂಡು, ಕಾಲಿಗೆ ಮೆತ್ತಿದ ಮಣ್ಣಿನ ಭಾರ ಎಳೆಯುತ್ತ ಇಬ್ಬರೂ ನಡೆದೆವು.

ಹಟ್ಟಿಯಲ್ಲಿ ಇದ್ದವರು ಮೂವರು. ಬೀರಪ್ಪ, ಅವನ ಹೆಂಡತಿ, ನೋವು ತಿನ್ನುತ್ತಿದ್ದ ಸೊಸೆ. ಮಗ ಇನ್ನೊಂದು ಹಿಂಡು ಹೊಡೆದುಕೊಂಡು ಮುಂದೆ ಹೋಗಿದ್ದ. ಶಿವಗಂಗಮ್ಮ ಕೈಗವಸು ಹಾಕಿಕೊಂಡು ನೋಡಿದಳು. "ಕೂಸು ಅಡ್ಡ ಇಲ್ಲ, ತಲಿನಾ ಮುಂದೈತಿ. ಆದ್ರ ಗಾಡಿ ತನಕ ಒಯ್ಯಾಕ ಆಗೂದಿಲ್ಲ. ಇಲ್ಲೇ ಆಗತೈತಿ" ಎಂದಳು.

ಬೆಟ್ಟದ ಗಾಳಿ ಬೀಸುತ್ತಿತ್ತು. ಮರೆ ಎಂಬುದು ಏನೂ ಇರಲಿಲ್ಲ. ಶಿವಗಂಗಮ್ಮ ಬೀರಪ್ಪನನ್ನು ನೀರು ಕಾಸಲು ಕಳಿಸಿ, ಅವನ ಹೆಂಡತಿಯನ್ನು ಸೊಸೆಯ ಬೆನ್ನಿಗೆ ಕೂರಿಸಿ, ನನ್ನ ಕೈಗೆ ಒಂದು ಸೀರೆ ಕೊಟ್ಟಳು. "ಎರಡೂ ಕೈ ಚಾಚಿ ಹಿಡೀರಿ ಭಾಯಿ. ಆ ಕಡಿ ಮಾರಿ ಮಾಡ್ರಿ. ನಾ ಹೇಳೂ ತನಕ ಕೈ ಇಳಸಬ್ಯಾಡ್ರಿ."

ಗಾಳಿಗೆ ಸೀರೆ ಪಟಪಟ ಬಡಿಯುತ್ತಿತ್ತು. ನನ್ನ ಕಣ್ಣೆದುರು ಬಂಡೆ ಮಾತ್ರ. ಬೆನ್ನ ಹಿಂದೆ ಶಿವಗಂಗಮ್ಮನ ದನಿ, "ತ್ರಾಣ ಹಾಕವ್ವ... ಹಾಂ, ಹಂಗ... ಇನ್ನೊಮ್ಮೆ." ಆಮೇಲೆ ಅತ್ತೆಯ ದನಿ, "ಬಂತು, ಬಂತು." ಆಮೇಲೆ ಏನೂ ಇಲ್ಲ.

ಕೂಸು ಅಳಲಿಲ್ಲ.

ಎಷ್ಟೋ ಹೆರಿಗೆಗಳ ಹತ್ತಿರ ಇದ್ದವನು ನಾನು. ಆ ಅಳು ಎಷ್ಟು ಹೊತ್ತಿಗೆ ಬರಬೇಕು ಎಂಬುದು ಕಿವಿಗೆ ಗೊತ್ತಿತ್ತು. ಬರಲಿಲ್ಲ. "ಸಿಸ್ಟರ್..." ಎಂದೆ. "ಸುಮ್ಕಿರ್ರಿ!" ಎಂದಳು. ಬಟ್ಟೆಯಿಂದ ಒರೆಸುವ ಸದ್ದು, ಬೆನ್ನು ಉಜ್ಜುವ ಸದ್ದು, ಆಮೇಲೆ ಪುಟ್ಟ ಗಾಳಿಚೀಲವನ್ನು ಒತ್ತಿ ಒತ್ತಿ ಬಿಡುವ ಸದ್ದು. ಬೀರಪ್ಪ ನೀರಿನ ಪಾತ್ರೆ ಹಿಡಿದು ನನ್ನ ಪಕ್ಕಕ್ಕೆ ಬಂದು ನಿಂತಿದ್ದ. ನಾನು ಯಾ ಅಲ್ಲಾ ಎಂದೆ, ಅವನು ಬೀರದೇವರೇ ಎಂದ. ಇಬ್ಬರೂ ಆ ಕಲ್ಲನ್ನೇ ನೋಡುತ್ತಿದ್ದೆವು.

ಮೊದಲು ಒಂದು ಕೆಮ್ಮು ಬಂತು, ಕುರಿಮರಿ ಸೀನಿದಷ್ಟು ಸಣ್ಣದು. ಆಮೇಲೆ ಅಳು. ಎಂಥ ಅಳು! ಕುರಿಗಳೆಲ್ಲ ತಲೆಯೆತ್ತಿ ನೋಡಿದವು. ಬೀರಪ್ಪ ಪಾತ್ರೆಯನ್ನು ಕೆಳಗಿಟ್ಟು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ.

"ಗಂಡೋ ಹೆಣ್ಣೋ ಯಾರೂ ಕೇಳವಲ್ರಿ" ಎಂದಳು ಶಿವಗಂಗಮ್ಮ. "ಹೆಣ್ಣು ಕೂಸು ಬೀರಪ್ಪ. ಭಾಯಿ, ಇನ್ನ ಕೈ ಇಳಸ್ರಿ."

ನನ್ನ ಕೈಗಳು ಇಳಿಯಲಿಲ್ಲ. ಮರಗಟ್ಟಿ ಹೋಗಿದ್ದವು. ಬೀರಪ್ಪನೇ ಎದ್ದು ಒಂದೊಂದಾಗಿ ಹಿಡಿದು ಇಳಿಸಿದ.

ತಾಯಿಯನ್ನೂ ಕೂಸನ್ನೂ ಸ್ಟ್ರೆಚರಿನಲ್ಲಿ ಹೊತ್ತು, ಗಾಡಿ ಮುಟ್ಟಿಸಿ, ಆಸ್ಪತ್ರೆಗೆ ತಂದು ಒಪ್ಪಿಸಿದೆವು. ಕೂಸಿಗೆ ಉಸಿರು ತಡವಾಗಿ ಬಂದದ್ದಕ್ಕೆ ರಾಯಚೂರಿಗೆ ಕಳಿಸಿದರು ಎಂದು ಮರುದಿನ ತಿಳಿಯಿತು. ಅಲ್ಲಿಗೆ ಮುಗಿಯಿತು. ಹಟ್ಟಿ ಎತ್ತಿಕೊಂಡು ಬೀರಪ್ಪ ಯಾವ ದಿಕ್ಕಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಅವನ ಆ ಫೋನಿಗೆ ಎರಡು ಮೂರು ಸಲ ಹಚ್ಚಿ ನೋಡಿದೆ, ಹತ್ತಲಿಲ್ಲ. ಹಾಗೆ ತಡವಾಗಿ ಉಸಿರಾಡಿದ ಕೂಸುಗಳು ಕೆಲವೊಮ್ಮೆ ಮುಂದೆ ನಡೆಯುವುದಿಲ್ಲ, ಮಾತನಾಡುವುದಿಲ್ಲ ಎಂದು ಡಾಕ್ಟರು ಯಾವತ್ತೋ ಹೇಳಿದ್ದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಆ ದಾರಿಯಲ್ಲಿ ಹೋದಾಗಲೆಲ್ಲ ಗುಂಡಿನ ಕಡೆ ನೋಡುತ್ತಿದ್ದೆ, ಕುರಿಗಳೇನಾದರೂ ಕಂಡಾವು ಎಂದು.

ನಿವೃತ್ತನಾದೆ. ಮೊನ್ನೆ ಶಾಹಿದಾಳ ತಂಗಿಯ ಮಗಳ ಮದುವೆಗೆಂದು ಇಬ್ಬರೂ ಆ ಕಡೆಯ ಹಳ್ಳಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಶಾಹಿದಾ ಕಿಟಕಿಯ ಹತ್ತಿರ, ಅವಳ ಪಕ್ಕಕ್ಕೆ ಒಬ್ಬ ಕುರುಬರ ಹೆಂಗಸು. ನಾನು ಹಿಂದಿನ ಸೀಟಿನಲ್ಲಿ. ಗುಡ್ಡಸಾಲು ತಿರುಗಿದ ಮೇಲೆ ಗುಂಡು ಕಂಡಿತು. ಶಾಹಿದಾ ಸುಮ್ಮನಿರುವವಳಲ್ಲ. "ಆ ಗುಂಡು ಯಾಕ ಬೆನ್ನು ತಿರುವಿ ಕುಂತೈತಿ, ಗೊತ್ತೇನವ್ವ ನಿನಗ?" ಎಂದು ಆ ಹೆಂಗಸನ್ನು ಕೇಳಿದಳು.

"ಗೊತ್ತಿಲ್ದ ಏನಬೇ? ನಮ್ಮ ಮಂದ್ಯಾಗಿನ ಒಬ್ಬಾಕಿಗೇ ಆಗಿದ್ದು ಅದು" ಎಂದಳು ಅವಳು. "ಬಸರಿ ಹೆಣ್ಣಮಗಳು, ಬಯಲಾಗ ಬ್ಯಾನಿ ತಿನ್ನಾಕತ್ತಿದ್ಲಂತ. ಗಾಳಿ ಅಂದ್ರ ಗಾಳಿ. ಮರೆ ಇಲ್ಲ, ಆಸರ ಇಲ್ಲ. ಆ ಮದುಮಗಳು ಕಲ್ಲಾಗಿದ್ದಾಕಿ ಎದ್ದು ನಿಂತು, ತನ್ನ ಧಾರಿ ಸೀರಿ ಬಿಚ್ಚಿ ಅಡ್ಡ ಹಿಡದ್ಲಂತ. ನೋಡಬಾರದಂತ ಮಾರಿ ಆ ಕಡಿ ತಿರುವಿದ್ಲಂತ. ಅದಕ್ಕ ಹಂಗ ಕುಂತಾಳ. ಈಗ ನಮ್ಮ ಬಸರಿಗಳು ಅಲ್ಲಿ ಹೋಗಿ ಸೀರಿ ಸೆರಗು ಮುಟ್ಟಿಸಿ ಬರತಾರ."

ಶಾಹಿದಾ ತಿರುಗಿ ನನ್ನ ಮುಖ ನೋಡಿದಳು. ಆ ಹೆರಿಗೆಯ ದಿನ ನಾನು ಮನೆಗೆ ಬಂದು ಕೈಗಳಿಗೆ ಎಣ್ಣೆ ತಿಕ್ಕಿಸಿಕೊಂಡದ್ದು ಅವಳಿಗೆ ಗೊತ್ತಲ್ಲ. "ಅಲ್ಲಿಗೆ ಯಾವುದರ ಗಾಡಿ ಗೀಡಿ ಬಂದಿತ್ತಂತೇನು?" ಎಂದು ಕೇಳಿದಳು.

"ಗಾಡಿ ಎಲ್ಲೀದಬೇ ಎರಿ ಹೊಲದಾಗ? ಆಕಿನಾ ಎಲ್ಲಾ ಮಾಡಿದ್ಲು."

ಶಾಹಿದಾ ಬಾಯಿ ತೆರೆದಳು. ನಾನು ಹಿಂದಿನಿಂದ ಅವಳ ಭುಜ ಮುಟ್ಟಿದೆ. ನಾನೇ ಮುಂದಕ್ಕೆ ಬಾಗಿ ಕೇಳಿದೆ, "ಯವ್ವಾ, ಆ ಕೂಸು ಏನಾತು?"

"ಬೀರಪ್ಪಗೋಳ ಮೊಮ್ಮಗಳೇನ್ರಿ? ಏನಾಗತೈತಿ ಆಕಿಗೆ! ಹಾಸ್ಟೆಲ್ಲಿನಾಗ ಇಟ್ಟಾರ, ಸಾಲಿಗೆ ಹೊಕ್ಕಾಳ. ಸೂಟಿಗೆ ಬಂದ್ಲಂದ್ರ ಕುರಿ ಹಿಂದ ಹ್ಯಾಂಗ ಓಡತಾಳ ಅಂತೀರಿ, ನಾಯಿ ಸೈತ ಹಿಂದ ಬೀಳತಾವ. ಬಾಯಿ ಒಂದು ಬಾಳ ಜೋರು."